ಬಳ್ಳಾರಿಯ ಹಿತ್ತಲಲ್ಲಿ ಕಾಲಂಬೈನ್ ಯಾಕೆ ಹೂ ಬಿಡುವುದಿಲ್ಲ?

ಕಾಲಂಬೈನ್ ಹೂವನ್ನು ನಾನು ಮೊದಲ ಸಲ ನೋಡಿದ್ದು ಹಿಮಾಚಲದಲ್ಲಿ, ಮನಾಲಿ ಹತ್ತಿರದ ಒಂದು ಸಣ್ಣ ಮನೆಯ ಅಂಗಳದಲ್ಲಿ. ಮೇ ತಿಂಗಳ ಕೊನೆಯ ವಾರ. ನಮ್ಮ ಬಳ್ಳಾರಿಯಲ್ಲಿ ಫ್ಯಾನ್ ಕೆಳಗೆ ಕೂತರೂ ಬೆವರು ಇಳಿಯುವ ದಿನಗಳು. ಅಲ್ಲಿ ಬೆಳಿಗ್ಗೆ ಸ್ವೆಟರ್ ಬೇಕಿತ್ತು. ಆ ಅಂಗಳದಲ್ಲಿ ಬಟಾಣಿ, ಮೂಲಂಗಿ, ಗುಲಾಬಿ, ಪುದಿನ ಎಲ್ಲ ಒಂದೇ ಪಾತಿಯಲ್ಲಿ ಒತ್ತೊತ್ತಾಗಿ ಬೆಳೆದಿದ್ದವು. ಅವುಗಳ ನಡುವೆ ಮೊಣಕಾಲೆತ್ತರದ ಒಂದು ಗಿಡ. ಕೊತ್ತಂಬರಿ ಎಲೆಯನ್ನೇ ನಾಲ್ಕು ಪಟ್ಟು ದೊಡ್ಡದು ಮಾಡಿದಂಥ ಎಲೆ. ದಾರದಷ್ಟು ಸಣ್ಣ ತೊಟ್ಟು. ತುದಿಯಲ್ಲಿ ತಲೆ ಬಗ್ಗಿಸಿಕೊಂಡು ನಿಂತ ನೇರಳೆ ಹೂ.

ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡಿದೆ. ಹೊರಗೆ ಐದು ಎಸಳು, ಒಳಗೆ ಐದು ಎಸಳು. ಹೊರಗಿನವು ಅಸಲಿಗೆ ಎಸಳುಗಳಲ್ಲ. ಬೇರೆ ಹೂಗಳಲ್ಲಿ ಮೊಗ್ಗನ್ನು ಮುಚ್ಚಿಕೊಂಡಿರುವ ಹಸಿರು ಹೊದಿಕೆ ಇರುತ್ತದಲ್ಲ, ಅದೇ ಇಲ್ಲಿ ಬಣ್ಣ ತುಂಬಿಕೊಂಡು ಅರಳಿದೆ. ಒಳಗಿನ ಐದು ಎಸಳುಗಳು ಇನ್ನೂ ವಿಚಿತ್ರ. ಪ್ರತಿಯೊಂದೂ ಹಿಂದಕ್ಕೆ ಎಳೆದಂತೆ ಉದ್ದವಾಗಿ, ಟೊಳ್ಳು ಕೊಂಬಾಗಿದೆ. ಕೊಂಬಿನ ತುದಿ ಒಳಮುಖವಾಗಿ ಸುರುಳಿ ಸುತ್ತಿದೆ. ಬೆಳಕಿಗೆ ಹಿಡಿದರೆ ಆ ತುದಿಯಲ್ಲಿ ಒಂದು ಹನಿ ಹೊಳೆಯುತ್ತದೆ. ಅದು ಮಕರಂದ.

ಈ ಕೊಂಬುಗಳಿಂದಲೇ ಗಿಡಕ್ಕೆ ಹೆಸರು ಬಂದಿದೆ. ಸಸ್ಯಶಾಸ್ತ್ರದವರು ಇದನ್ನು ಅಕ್ವಿಲೀಜಿಯಾ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅಕ್ವಿಲ ಅಂದರೆ ಹದ್ದು. ಕೊಂಬುಗಳು ಹದ್ದಿನ ಉಗುರಿನಂತೆ ಬಾಗಿವೆ ಅಂತ ಆ ಹೆಸರು ಎನ್ನುತ್ತಾರೆ. ಕಾಲಂಬೈನ್ ಅನ್ನುವುದು ಪಾರಿವಾಳದ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹೂವನ್ನು ತಲೆಕೆಳಗು ಮಾಡಿ ನೋಡಿ, ಐದು ಪಾರಿವಾಳಗಳು ತಲೆಗೆ ತಲೆ ಕೊಟ್ಟು ಕಾಳು ತಿನ್ನುತ್ತಿರುವ ಹಾಗೆ ಕಾಣುತ್ತದೆ. ಒಂದೇ ಹೂವಿನಲ್ಲಿ ಹದ್ದೂ ಇದೆ, ಪಾರಿವಾಳವೂ ಇದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಅಜ್ಜಿಯ ಟೋಪಿ ಅಂತಲೂ ಕರೆಯುತ್ತಾರೆ. ನಮ್ಮ ಕಣ್ಣಿಗೆ ಅದು ಕೂಸಿನ ಕುಲಾವಿಯೇ ಸರಿ.

ಆ ಅಂಗಳದ ಥರದ ತೋಟಕ್ಕೆ ಕಾಟೇಜ್ ಗಾರ್ಡನ್ ಅನ್ನುವ ಹೆಸರಿದೆ. ಮೂಲದಲ್ಲಿ ಅದು ಇಂಗ್ಲೆಂಡಿನ ಬಡ ಕೂಲಿಕಾರರ ಹಿತ್ತಲು. ಇದ್ದ ತುಂಡು ಜಾಗದಲ್ಲಿ ಅಡುಗೆಗೆ ಸೊಪ್ಪು, ಔಷಧಿಗೆ ಗಿಡ, ನಡುವೆ ಕಣ್ಣಿಗೆ ಹೂ. ಸಾಲು ಹಿಡಿದು ನೆಡುವುದಿಲ್ಲ, ಖಾಲಿ ಮಣ್ಣು ಬಿಡುವುದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ವಿಲಿಯಂ ರಾಬಿನ್ಸನ್, ಗರ್ಟ್ರೂಡ್ ಜೀಕಿಲ್ ಅವರಂಥ ತೋಟಗಾರರು ಇದನ್ನೇ ದೊಡ್ಡ ಮನೆಗಳ ತೋಟಕ್ಕೂ ತಂದರು. ಕಾಲಂಬೈನ್ ಅಂಥ ತೋಟದ ಹಳೆಯ ನಿವಾಸಿ. ಒಂದು ಗಿಡ ಮೂರ್ನಾಲ್ಕು ವರ್ಷ ಬದುಕುತ್ತದೆ, ಅಷ್ಟೇ. ಆದರೆ ಹೋಗುವ ಮೊದಲು ಸುತ್ತ ಬೀಜ ಚೆಲ್ಲಿರುತ್ತದೆ. ಒಂದು ಬಣ್ಣಕ್ಕೂ ಇನ್ನೊಂದು ಬಣ್ಣಕ್ಕೂ ಪರಾಗ ಬೆರೆತು, ಮುಂದಿನ ಪೀಳಿಗೆಯಲ್ಲಿ ಯಾವ ಬಣ್ಣ ಬರುತ್ತದೋ ಹೇಳಲಾಗದು. ಗುಲಾಬಿ ಬುಡ, ಕಲ್ಲಿನ ಸಂದಿ, ಗೋಡೆ ಮೂಲೆ, ಎಲ್ಲಿ ಬಿತ್ತೋ ಅಲ್ಲಿ ಏಳುತ್ತದೆ.

ನನಗೆ ಆಸೆ ಹುಟ್ಟಿದ್ದು ಅದಕ್ಕೇ. ಊರಿಗೆ ಬಂದವಳೇ ಆನ್‌ಲೈನ್‌ನಲ್ಲಿ ಬೀಜ ತರಿಸಿದೆ. ಎಳ್ಳಿಗಿಂತ ಸಣ್ಣ, ಕಪ್ಪು, ಎಣ್ಣೆ ಸವರಿದಂತೆ ಮಿರುಗುವ ಬೀಜ. ಉಪ್ಪಿನಕಾಯಿಗೆ ಹಾಕುವ ಕಲೋಂಜಿ ಗೊತ್ತಲ್ವಾ, ಇದೂ ಅದೇ ಕುಟುಂಬದ್ದು. ನವೆಂಬರಿನಲ್ಲಿ ನಲವತ್ತು ಬೀಜ ಹಾಕಿದೆ. ಏಳು ಮೊಳೆತವು. ಫೆಬ್ರವರಿ ಹೊತ್ತಿಗೆ ಅಂಗೈ ಅಗಲದ ಚಂದದ ಎಲೆಗಳು ಬಂದವು. ಮಾರ್ಚ್ ಎರಡನೇ ವಾರಕ್ಕೆ ಐದು ಗಿಡ ಹೋದವು. ಬಚ್ಚಲ ಗೋಡೆಯ ನೆರಳಲ್ಲಿ ಇಟ್ಟಿದ್ದ ಎರಡು ಏಪ್ರಿಲ್‌ವರೆಗೆ ಉಸಿರು ಹಿಡಿದುಕೊಂಡಿದ್ದವು. ಹೂ ಮಾತ್ರ ಒಂದೂ ಇಲ್ಲ.

ಪಕ್ಕದ ಮನೆ ಅಜ್ಜಿ ಗೋಡೆಯಾಚೆಯಿಂದ ದಿನಾ ನೋಡುತ್ತಿದ್ದರು. "ಏನ್ ಗಿಡ ಹಚ್ಚೀಯಮ್ಮಾ ಅದು? ಬರೇ ಎಲಿ ಐತೆ, ಹೂವು ಯಾವಾಗ?" ಅಂತ ಕೇಳಿದರು. ಅದಕ್ಕೆ ಚಳಿ ಬೇಕಂತೆ ಅಜ್ಜಿ ಅಂದೆ. "ಚಳಿಯಾಗ ಹೂ ಬಿಡತೈತೇನು?" ಅಂದರು. ಚಳಿಯಲ್ಲಿ ಅಲ್ಲ, ಚಳಿ ಆದಮೇಲೆ. ಹಾಗಂತ ಹೇಳಿದೆನಾದರೂ, ಯಾಕೆ ಹಾಗೆ ಅಂತ ನನಗೂ ಸರಿಯಾಗಿ ತಿಳಿದಿರಲಿಲ್ಲ. ಆಮೇಲೆ ಓದಿ, ಕೇಳಿ, ಇನ್ನೆರಡು ಚಳಿಗಾಲ ಬೆಳೆಸಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ತಿಳಿಯಬೇಕಾದದ್ದು, ಕಾಲಂಬೈನ್‌ಗೆ ಬೇಕಾದ ಚಳಿ ಒಂದಲ್ಲ, ಎರಡು. ಬೀಜದ ಚಳಿ ಬೇರೆ, ಗಿಡದ ಚಳಿ ಬೇರೆ. ಪ್ಯಾಕೆಟ್ ಮೇಲೆ ಬರೆದಿರುವುದು ಬೀಜದ ಚಳಿ ಮಾತ್ರ. ನನ್ನಂತೆ ಎಷ್ಟೋ ಜನ ಎಡವುವುದು ಇಲ್ಲೇ.

ಬೀಜದ ಚಳಿ ಸುಲಭ. ಹೂವಿನಿಂದ ಉದುರುವಾಗ ಈ ಬೀಜದೊಳಗಿನ ಭ್ರೂಣ ಪೂರ್ತಿ ಬೆಳೆದಿರುವುದಿಲ್ಲ. ಒದ್ದೆ ಮಣ್ಣಲ್ಲಿ ತಂಪಿಗೆ ಬಿದ್ದುಕೊಂಡೇ ಅದು ನಿಧಾನವಾಗಿ ಬೆಳೆಯಬೇಕು. ಆಗಷ್ಟೇ ಉದುರಿದ ಬೀಜ ಬೇಗ ಏಳುತ್ತದೆ. ಒಣಗಿ ತಿಂಗಳುಗಟ್ಟಲೆ ಪ್ಯಾಕೆಟ್ಟಿನಲ್ಲಿ ಕೂತದ್ದು ಗಾಢ ನಿದ್ದೆಗೆ ಹೋಗಿರುತ್ತದೆ. ಅದಕ್ಕೆ ಒದ್ದೆ ಟಿಶ್ಯೂದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿ ಮೂರ್ನಾಲ್ಕು ವಾರ ಇಡುವುದು. ಫ್ರೀಜರಿನಲ್ಲಿ ಅಲ್ಲ, ತರಕಾರಿ ಇಡುವ ಜಾಗದಲ್ಲಿ. ಆಮೇಲೆ ಮಣ್ಣಿನ ಮೇಲೆ ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಇದಕ್ಕೆ ಬೆಳಕು ಬೇಕು. ನಾನು ಮೊದಲ ಸಲ ಅರ್ಧ ಬೆರಳು ಆಳಕ್ಕೆ ಹೂತಿದ್ದೆ. ನಲವತ್ತರಲ್ಲಿ ಏಳು ಬಂದದ್ದೇ ಹೆಚ್ಚು.

ಗಿಡದ ಚಳಿಯ ಕಥೆ ಬೇರೆ. ಇದನ್ನು ಅರ್ಥ ಮಾಡಿಕೊಳ್ಳಲು ಕ್ಯಾಬೇಜನ್ನು ನೆನಪಿಸಿಕೊಳ್ಳಿ. ಸಂತೆಯಲ್ಲಿ ವಾರವಾರ ಕೊಳ್ಳುತ್ತೇವೆ. ಆದರೆ ಕ್ಯಾಬೇಜ್ ಹೂವನ್ನು ಎಂದಾದರೂ ನೋಡಿದ್ದೀರಾ? ನಮ್ಮ ಹೊಲಗಳಲ್ಲಿ ಅದು ಗಟ್ಟಿ ಗಡ್ಡೆ ಕಟ್ಟುತ್ತದೆ, ಕೊಯ್ಯುತ್ತೇವೆ, ಮುಗಿಯಿತು. ಕೊಯ್ಯದೆ ಬಿಟ್ಟರೂ ಸಾಮಾನ್ಯವಾಗಿ ಒಡೆದು ಕೊಳೆಯುತ್ತದೆಯೇ ಹೊರತು ಸಾಸಿವೆಯಂತೆ ಹಳದಿ ಹೂ ಬಿಟ್ಟು ಬೀಜ ಕಟ್ಟುವುದಿಲ್ಲ. ಅದಕ್ಕೇ ಅಂಥ ತಳಿಗಳ ಬೀಜವನ್ನು ಹಿಮಾಚಲದ ಕುಲ್ಲು ಕಣಿವೆಯಂಥ ತಂಪು ಜಾಗಗಳಲ್ಲಿ ಬೆಳೆಯುತ್ತಾರೆ. ಅಲ್ಲಿನ ಕಟ್ರೈನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರವೇ ಇದೆ. ಗಿಡ ವಾರಗಟ್ಟಲೆ ಚಳಿ ಉಂಡ ಮೇಲೆಯೇ ಅದರ ತುದಿಯಿಂದ ಹೂಗೊನೆ ಹೊರಡುವುದು. ಕಾಲಂಬೈನ್‌ನ ಹಟವೂ ಅದೇ ಥರದ್ದು.

ಯಾಕೆ ಇಂಥ ಹಟ? ತಂಪು ದೇಶದ ಗಿಡದ ಜಾಗದಲ್ಲಿ ನಿಂತು ಯೋಚಿಸಿ. ಬೇಸಿಗೆಯಲ್ಲಿ ಹುಟ್ಟಿದ ಸಸಿಗೆ ಸೆಪ್ಟೆಂಬರಿನ ಹೊತ್ತಿಗೆ ಒಳ್ಳೆ ಎಲೆ ಬಂದಿರುತ್ತದೆ. ಹವೆ ಹಿತವಾಗಿದೆ, ಬಿಸಿಲು ಮೆತ್ತಗಿದೆ. ವಸಂತದ ದಿನಗಳೂ ಹೆಚ್ಚುಕಮ್ಮಿ ಹೀಗೇ ಇರುತ್ತವೆ. ಮೋಸಹೋಗಿ ಆಗಲೇ ಹೂ ಬಿಟ್ಟರೆ, ಬೀಜ ಬಲಿಯುವ ಮೊದಲೇ ಹಿಮ ಬೀಳುತ್ತದೆ. ವರ್ಷದ ದುಡಿಮೆ ಹಾಳು. ಹಾಗಾಗಿ ಚಳಿಗಾಲ ಬಂದು ಹೋಯಿತು ಅನ್ನುವುದು ಖಾತ್ರಿ ಆಗುವವರೆಗೆ ಹೂ ಬಿಡದಂತೆ ಗಿಡದ ಚಿಗುರು ತುದಿಗೆ ಒಂದು ಬೀಗ ಬಿದ್ದಿರುತ್ತದೆ. ಒಂದೆರಡು ತಣ್ಣನೆಯ ರಾತ್ರಿಗೆ ಆ ಬೀಗ ತೆರೆಯುವುದಿಲ್ಲ. ಕಾಲಂಬೈನ್ ಬೆಳೆಗಾರರು ಸಾಮಾನ್ಯವಾಗಿ ಗಿಡವನ್ನು ಸುಮಾರು 5 ಡಿಗ್ರಿ ಚಳಿಯಲ್ಲಿ 8ರಿಂದ 12 ವಾರ ಇಡುತ್ತಾರೆ. ಗಿಡ ಆ ದಿನಗಳನ್ನು ಎಣಿಸುತ್ತದೆ ಅಂದರೂ ತಪ್ಪಿಲ್ಲ. ಇದಕ್ಕೆ ವರ್ನಲೈಸೇಷನ್ ಅನ್ನುತ್ತಾರೆ. 1918ರಲ್ಲಿ ಜರ್ಮನಿಯ ಗುಸ್ತಾವ್ ಗಾಸ್ನರ್ ರೈ ಧಾನ್ಯದ ಮೇಲೆ ಪ್ರಯೋಗ ಮಾಡಿ ಚಳಿಗೂ ಹೂವಿಗೂ ಇರುವ ಈ ನಂಟನ್ನು ವಿವರವಾಗಿ ತೋರಿಸಿದರು.

ನಮ್ಮ ಜವೆ ಗೋಧಿಗೆ ಈ ಬೀಗ ಇಲ್ಲ. ಹಿಂಗಾರಿನಲ್ಲಿ ಎರೆ ಹೊಲದ ತೇವ ನಂಬಿ ಬಿತ್ತಿದರೆ ಬೇಸಿಗೆ ಬರುವಷ್ಟರಲ್ಲಿ ತೆನೆ ಕೈಗೆ ಬರುತ್ತದೆ. ಯುರೋಪಿನಲ್ಲಿ ಹಿಮದ ಕೆಳಗೆ ಚಳಿಗಾಲ ಕಳೆಯುವ ಗೋಧಿ ತಳಿಗಳಿವೆ. ಅವನ್ನು ತಂದು ಸಿಂಧನೂರಿನಲ್ಲೋ ಯಲಬುರ್ಗಾದಲ್ಲೋ ಬಿತ್ತಿದರೆ ಹುಲ್ಲಿನ ಹಾಗೆ ಬೆಳೆದು ನಿಲ್ಲುತ್ತವೆ, ತೆನೆ ಬಿಡುವುದಿಲ್ಲ. ಮಣ್ಣಿನ ತಪ್ಪೂ ಅಲ್ಲ, ರೈತರ ತಪ್ಪೂ ಅಲ್ಲ. ಗಿಡ ಕಾಯುತ್ತಿರುವ ಸುದ್ದಿ ಬರಲೇ ಇಲ್ಲ, ಅಷ್ಟೇ.

ಇನ್ನೊಂದು ತೊಡಕಿದೆ. ಚಳಿಯನ್ನು ಲೆಕ್ಕಕ್ಕೆ ಹಿಡಿಯಲು ಕಾಲಂಬೈನ್ ಸಾಕಷ್ಟು ದೊಡ್ಡದಾಗಿರಬೇಕು. ಹತ್ತು ಹನ್ನೆರಡು ಎಲೆಯಾದರೂ ಬಂದಿರಬೇಕು. ಫ್ರಿಜ್ಜಿನಲ್ಲಿ ಕೂತಾಗ ಬೀಜ ಉಂಡ ಚಳಿ ಮೊಳೆಯುವುದಕ್ಕೆ ಖರ್ಚಾಯಿತು, ಹೂವಿನ ಖಾತೆಗೆ ಅದು ಜಮೆ ಆಗುವುದಿಲ್ಲ. ಅದಕ್ಕೇ ಬೀಜದಿಂದ ಬೆಳೆಸಿದ ಕಾಲಂಬೈನ್ ತನ್ನ ಊರಲ್ಲೂ ಸಾಮಾನ್ಯವಾಗಿ ಎರಡನೇ ವರ್ಷಕ್ಕೇ ಹೂ ಬಿಡುವುದು. ಒಂದು ವರ್ಷ ಬೆಳೆಯಬೇಕು, ಒಂದು ಚಳಿಗಾಲ ಕಳೆಯಬೇಕು, ಆಮೇಲೆ ಹೂ.

ಈಗ ಬಳ್ಳಾರಿಯ ಲೆಕ್ಕ ಹಾಕಿ. ಸಮುದ್ರ ಮಟ್ಟದಿಂದ ಸುಮಾರು 490 ಮೀಟರ್ ಎತ್ತರ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 15ರಿಂದ 18 ಡಿಗ್ರಿ. ನಮಗೆ ಅದೇ ಚಳಿ, ಕಿವಿಗೆ ಮಫ್ಲರ್ ಸುತ್ತುತ್ತೇವೆ. ಕಾಲಂಬೈನ್‌ಗೆ ಅದು ಹಿತವಾದ ವಸಂತ. ಅದು ಎಲೆ ಬಿಡುತ್ತಾ, ಚಳಿಗಾಲ ಬರಲಿ ಅಂತ ಕಾಯುತ್ತಿರುತ್ತದೆ. ಬರುವುದು ಮಾತ್ರ ಮಾರ್ಚ್. ರಾಯಚೂರು ಇನ್ನೂ ತಗ್ಗಿನಲ್ಲಿದೆ, ಕೊಪ್ಪಳ ಸ್ವಲ್ಪ ಮೇಲಿದೆ, ಕಥೆ ಎರಡೂ ಕಡೆ ಇದೇ. ಸಂಡೂರಿನ ಗುಡ್ಡಗಳು ಸುಮಾರು ಸಾವಿರ ಮೀಟರ್ ಮುಟ್ಟುತ್ತವೆ, ಹಸಿರಾಗಿವೆ, ತಂಪಾಗಿವೆ. ಅಲ್ಲಿ ಪ್ರಯತ್ನ ಮಾಡಬಹುದಾ ಅಂತ ಗೆಳತಿಯೊಬ್ಬಳು ಕೇಳಿದ್ದಳು. ಗಿಡ ಅಲ್ಲಿ ಇನ್ನೊಂದು ತಿಂಗಳು ಜಾಸ್ತಿ ಬಾಳಬಹುದು. ಆದರೆ ಎರಡು ತಿಂಗಳು 5 ಡಿಗ್ರಿ ಅಲ್ಲೂ ಇಲ್ಲ. ಊಟಿಯಂಥ 2,200 ಮೀಟರ್ ಎತ್ತರದ ಊರಾದರೆ ಮಾತು ಬೇರೆ.

ಚಳಿ ಸಿಗದಿದ್ದರೆ ಹೂ ಇಲ್ಲ. ಆದರೆ ಗಿಡವೇ ಸಾಯುವುದು ಯಾಕೆ? ಅದು ಸೆಖೆಯ ಕೆಲಸ. ಹಗಲು ಬಿಸಿಲಲ್ಲಿ ಎಲೆ ಆಹಾರ ತಯಾರಿಸುತ್ತದೆ, ಹಗಲು ರಾತ್ರಿ ಎರಡೂ ಹೊತ್ತು ಉಸಿರಾಡಿ ಅದನ್ನು ಖರ್ಚು ಮಾಡುತ್ತದೆ. ಸೆಖೆ ಏರಿದಷ್ಟೂ ಖರ್ಚು ಏರುತ್ತದೆ. ಏಪ್ರಿಲ್‌ನಲ್ಲಿ ನಮ್ಮ ರಾತ್ರಿಯೂ 25 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ, ತಂಪಿನ ಗಿಡ ಕೂಡಿಟ್ಟದ್ದನ್ನೆಲ್ಲ ಬೇರಿನಿಂದ ತೆಗೆದು ತಿಂದು ಮುಗಿಸುತ್ತದೆ. ನೀರು ಹಾಕಿ ಉಳಿಸಬಹುದು ಅಂತ ನಾನು ದಿನಕ್ಕೆ ಎರಡು ಸಲ ಹಾಕಿದೆ. ತಪ್ಪಾಯಿತು. ಬಿಸಿ ಮಣ್ಣಲ್ಲಿ ನೀರು ನಿಂತರೆ ಇದರ ದಪ್ಪ ಬೇರು ಕೊಳೆಯುತ್ತದೆ. ಎರೆ ಮಣ್ಣಾದರಂತೂ ಕೇಳುವುದೇ ಬೇಡ. ಹಸಿ ಇದ್ದಾಗ ಅಂಟು, ಒಣಗಿದಾಗ ಬಿರುಕು. ಜೊತೆಗೆ ಅದು ಕ್ಷಾರದ ಮಣ್ಣು. ಅದರಲ್ಲಿ ಕಬ್ಬಿಣದ ಅಂಶ ಇದ್ದರೂ ಇಂಥ ಗಿಡದ ಬೇರಿಗೆ ಎಟುಕುವುದಿಲ್ಲ. ಎಲೆಯ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಅದೇ ಕಾರಣ ಇರಬಹುದು.

ಕಾಲಂಬೈನ್‌ಗಳಲ್ಲಿ ಒಂದು ಹಳದಿ ಜಾತಿ ಇದೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯದು. ಇದು ಮರುಭೂಮಿಯ ಹೂ, ಬಿಸಿಲಿಗೆ ಜಗ್ಗುವುದಿಲ್ಲ ಅಂತ ಯಾರಾದರೂ ನಿಮಗೆ ಹೇಳಿಯಾರು. ಬೇರೆ ಕಾಲಂಬೈನ್‌ಗಳಿಗಿಂತ ಸೆಖೆ ತಡೆಯುತ್ತದೆ ಅನ್ನುವುದು ನಿಜವೇ. ಆದರೆ ಅದು ಬೆಳೆಯುವುದು ಸುಡುವ ಮರಳಲ್ಲಿ ಅಲ್ಲ. ಆಳದ ಕಣಿವೆಯ ನೆರಳಲ್ಲಿ, ಬಂಡೆ ಸಂದಿಯಿಂದ ನೀರು ಒಸರುವ ಜಾಗದಲ್ಲಿ. ಅಲ್ಲಿನ ಚಳಿಗಾಲವೂ ಗಟ್ಟಿಯಾದದ್ದೇ.

ಇಷ್ಟು ತಿಳಿದೂ ಬೆಳೆಸಬೇಕು ಅನ್ನುವವರಿಗೆ ನಾನು ಬೇಡ ಅನ್ನುವುದಿಲ್ಲ. ನಾನೇ ಮತ್ತೆರಡು ಸಲ ಬೆಳೆಸಿದೆ. ಅದನ್ನು ನಾಲ್ಕು ತಿಂಗಳ ಅತಿಥಿ ಅಂದುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಬೀಜ ಫ್ರಿಜ್ಜಿಗೆ, ಅಕ್ಟೋಬರ್ ಕೊನೆಗೆ ಮಣ್ಣಿಗೆ. ಆಳವಾದ ಕುಂಡ ಬೇಕು, ಇದರ ಬೇರು ಗಜ್ಜರಿಯಂತೆ ನೇರ ಕೆಳಗಿಳಿಯುತ್ತದೆ, ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಮಸಾರಿ ಮಣ್ಣು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಕೊಕೊಪೀಟ್ ಸಮ ಸಮ, ಒಂದು ಹಿಡಿ ದಪ್ಪ ಮರಳು. ಬೋರ್‌ವೆಲ್ ನೀರು ಸವಳಿದ್ದರೆ ಮಳೆಗಾಲದಲ್ಲಿ ಹಿಡಿದಿಟ್ಟ ನೀರು ಹಾಕಿ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಖಂಡಿತ ಬೇಡ, ಉಪ್ಪೆಲ್ಲ ಅದರಲ್ಲೇ ಕೂಡಿರುತ್ತದೆ. ಮುಂಜಾನೆಯ ಎಳೆ ಬಿಸಿಲು ಸಾಕು, ಹತ್ತು ಗಂಟೆಯ ಮೇಲೆ ನೆರಳು. ಚಳಿ ಹೆಚ್ಚು ಬೇಡದೆ ಮೊದಲ ವರ್ಷವೇ ಹೂ ಬಿಡುವ ಹೊಸ ಹೈಬ್ರಿಡ್‌ಗಳೂ ಬಂದಿವೆ. ಅಂಥವು ಸಿಕ್ಕರೆ ಒಂದೆರಡು ಹೂ ಕಾಣುವ ಭಾಗ್ಯ ಇದ್ದೀತು. ನನಗೆ ಸಿಕ್ಕದ್ದು ಎಲೆ ಮಾತ್ರ. ಆದರೆ ಆ ಎಲೆಯ ಮೇಲೆ ಬೆಳಗಿನ ಇಬ್ಬನಿ ಅಂಟದೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಮುತ್ತಾಗಿ ಉರುಳುವುದನ್ನು ನೋಡಿ ಬಹಳ ಖುಷಿಪಟ್ಟೆ. ಮನೆಯಲ್ಲಿ ಮಕ್ಕಳು, ಆಡು ಇದ್ದರೆ ಎಚ್ಚರ. ಬೀಜ, ಬೇರು ವಿಷ.

ಇನ್ನು ಆ ಕೊಂಬಿನ ಮಾತು. ಅದನ್ನು ಹೇಳದೆ ಕಾಲಂಬೈನ್ ಕಥೆ ಮುಗಿಯುವುದಿಲ್ಲ.

ಕೊಂಬಿನ ತುದಿಯಲ್ಲಿ ಮಕರಂದ ಇಟ್ಟಿರುವುದು ಸುಮ್ನೆ ಅಲ್ಲ. ನಾಲಿಗೆ ಅಷ್ಟು ಉದ್ದ ಇದ್ದವರಿಗೇ ಊಟ. ಆ ಊಟಕ್ಕಾಗಿ ಒಳಗೆ ತಲೆ ತೂರಿಸಿದಾಗ ಮೈಗೆ ಪರಾಗ ಮೆತ್ತುತ್ತದೆ. ಯುರೋಪಿನ ನೇರಳೆ ಕಾಲಂಬೈನ್‌ಗೆ ಗಿಡ್ಡ, ಬಾಗಿದ ಕೊಂಬು. ಅಲ್ಲಿ ಉದ್ದ ನಾಲಿಗೆಯ ದುಂಬಿಜೇನು ಬರುತ್ತದೆ. ಉತ್ತರ ಅಮೆರಿಕದ ಕೆಂಪು ಜಾತಿಗಳಿಗೆ ನೇರ ಕೊಂಬು, ಅಲ್ಲಿ ಝೇಂಕಾರದ ಹಕ್ಕಿ, ಅಂದರೆ ಹಮ್ಮಿಂಗ್‌ಬರ್ಡ್, ಬರುತ್ತದೆ. ಬಿಳಿ, ಹಳದಿ ಜಾತಿಗಳಿಗೆ ಬೆರಳುದ್ದದ ಕೊಂಬು, ಮುಸ್ಸಂಜೆಯಲ್ಲಿ ಹಾರುವ ದೊಡ್ಡ ಪತಂಗಗಳಿಗಾಗಿ. 2007ರಲ್ಲಿ ಜಸ್ಟಿನ್ ವಿಟಾಲ್, ಸ್ಕಾಟ್ ಹಾಜಸ್ ಅನ್ನುವ ಇಬ್ಬರು ವಿಜ್ಞಾನಿಗಳು ಇದರ ವಂಶವೃಕ್ಷ ಬಿಡಿಸಿ ಒಂದು ವಿಷಯ ತೋರಿಸಿದರು. ಕೊಂಬು ಒಂದೇ ಸಮನೆ ಸ್ವಲ್ಪ ಸ್ವಲ್ಪ ಉದ್ದವಾಗುತ್ತಾ ಬಂದದ್ದಲ್ಲ. ಜೇನಿನಿಂದ ಹಕ್ಕಿಗೆ, ಹಕ್ಕಿಯಿಂದ ಪತಂಗಕ್ಕೆ, ಹೀಗೆ ಬರುವ ಅತಿಥಿ ಬದಲಾದಾಗೆಲ್ಲ ಕೊಂಬು ಒಮ್ಮೆಲೇ ಜಿಗಿದು ಉದ್ದವಾಗಿದೆ. ಆ ಉದ್ದ ಬರುವ ರೀತಿಯೂ ಸೋಜಿಗದ್ದು. ಗಿಡ್ಡ ಕೊಂಬಿಗೂ ಉದ್ದ ಕೊಂಬಿಗೂ ಇರುವ ವ್ಯತ್ಯಾಸ ಬಹುಪಾಲು ಜೀವಕೋಶಗಳ ಸಂಖ್ಯೆಯದ್ದಲ್ಲ. ಇದ್ದ ಕೋಶಗಳೇ ಶಾವಿಗೆ ಎಳೆದಂತೆ ಉದ್ದವಾಗುತ್ತವೆ.

ಇದನ್ನು ಓದುತ್ತಿದ್ದ ದಿನಗಳು ಆಗಸ್ಟಿನವು. ಒಂದು ಬೆಳಿಗ್ಗೆ ತುಳಸಿಕಟ್ಟೆ ಹತ್ತಿರ ತಾನಾಗೇ ಎದ್ದಿದ್ದ ಗೌರಿ ಹೂವಿನ ಗಿಡದ ಮುಂದೆ ಕೂತಿದ್ದೆ. ಕರ್ಣಕುಂಡಲ ಅಂತಲೂ ಅನ್ನುತ್ತೇವಲ್ಲ, ಅದು. ಒಂಟಿ ಸುತ್ತಿನ ಗುಲಾಬಿ ಬಣ್ಣದ ಹೂ. ಎಷ್ಟು ವರ್ಷದಿಂದ ನೋಡುತ್ತಿದ್ದೇನೋ, ಹಿಂದಿನಿಂದ ತಿರುಗಿಸಿ ನೋಡಿದ್ದು ಅವತ್ತೇ. ಹೂವಿನ ಬೆನ್ನಿಗೆ ಒಂದು ಕೊಂಬು! ಸಣ್ಣದು, ದಾರದಂತೆ ತೆಳು, ಕೆಳಕ್ಕೆ ಬಾಗಿದೆ. ತುದಿಯನ್ನು ಉಗುರಿನಲ್ಲಿ ಚಿವುಟಿ ನಾಲಿಗೆಗೆ ಇಟ್ಟೆ. ಸಿಹಿ.

ಕಾಲಂಬೈನ್‌ಗೂ ಗೌರಿ ಹೂವಿಗೂ ಹತ್ತಿರದ ರಕ್ತಸಂಬಂಧ ಏನೂ ಇಲ್ಲ, ಕುಟುಂಬಗಳೇ ಬೇರೆ. ಕಾಲಂಬೈನ್ ತನ್ನ ಒಳ ಎಸಳುಗಳನ್ನು ಎಳೆದು ಕೊಂಬು ಮಾಡಿಕೊಂಡಿದೆ. ಗೌರಿ ಹೂ ಅದೇ ಕೊಂಬನ್ನು ಹೊರ ಹೊದಿಕೆಯ ಒಂದು ಎಸಳಿನಿಂದ ಮಾಡಿಕೊಂಡಿದೆ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಸಾಮಾನಿನಿಂದ, ಒಂದೇ ಉಪಾಯ. ಕಾಲಂಬೈನ್‌ಗೆ ಐದು ಕೊಂಬು, ಇದಕ್ಕೆ ಒಂದು. ಮುದ್ದೆ ಮುದ್ದೆಯಾಗಿ ಗುಲಾಬಿಯಂತೆ ಅರಳುವ ತಳಿಗಳಲ್ಲಿ ಎಸಳಿನ ರಾಶಿಯ ನಡುವೆ ಕೊಂಬು ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ಹಳೇ ಕಾಲದ ಒಂಟಿ ಸುತ್ತಿನ ಗಿಡವನ್ನೇ ಹುಡುಕಿ ನೋಡಿ.

ಆವತ್ತಿನಿಂದ ನನ್ನ ತೋಟದ ಲೆಕ್ಕವೇ ತಿರುಗಿತು. ಕಾಲಂಬೈನ್ ಆ ಹಿಮಾಚಲದ ಅಂಗಳದಲ್ಲಿ ಏನೆಲ್ಲ ಮಾಡುತ್ತಿತ್ತು? ತಾನಾಗೇ ಬೀಜ ಚೆಲ್ಲಿ ತಾನಾಗೇ ಏಳುತ್ತಿತ್ತು, ಬಣ್ಣ ಬೆರೆಸುತ್ತಿತ್ತು, ಸೊಪ್ಪು ತರಕಾರಿ ನಡುವೆ ಜಾಗ ತುಂಬುತ್ತಿತ್ತು, ಜೇನಿಗೆ ಊಟ ಹಾಕುತ್ತಿತ್ತು. ಇಷ್ಟನ್ನೂ ಗೌರಿ ಹೂ ಇಲ್ಲಿ ಮಾಡುತ್ತದೆ. ಬೀಗ ತೆರೆಯಲು ಅದಕ್ಕೆ ಚಳಿಯ ಹಂಗಿಲ್ಲ, ಮಳೆ ಸಾಕು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ತೋಟದ ವಸಂತ ಏಪ್ರಿಲ್ ಅಲ್ಲ, ಜೂನ್. ಇದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ನಮ್ಮ ಕಾಟೇಜ್ ತೋಟ ಮುಂಗಾರಿಗೆ ಹುಟ್ಟಿ, ದಸರೆ ದೀಪಾವಳಿಗೆ ತುಂಬಿ, ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆ ಹೂ ಕೊಟ್ಟು, ಸಂಕ್ರಾಂತಿ ದಾಟಿ, ಶಿವರಾತ್ರಿ ಹೊತ್ತಿಗೆ ಬೀಜವಾಗಿ ಮಲಗುವ ತೋಟ. ಬೇಸಿಗೆಯಲ್ಲಿ ಅದು ಒಣಗಿ ಕಂಡರೆ ಗಾಬರಿ ಬೇಡ. ಇಂಗ್ಲೆಂಡಿನವರ ತೋಟ ಡಿಸೆಂಬರಿನಲ್ಲಿ ಮಲಗುತ್ತದೆ, ನಮ್ಮದು ಏಪ್ರಿಲ್‌ನಲ್ಲಿ.

ನಾನು ಮಾಡಿದ್ದು ಹೀಗೆ. ಪಶ್ಚಿಮದ ಬಿಸಿಲು ಮೊದಲು ತಡೆಯಬೇಕಿತ್ತು, ಆ ಕಡೆ ಕಣಗಿಲೆ ಮತ್ತು ನುಗ್ಗೆ ಹಚ್ಚಿದೆ. ಅವುಗಳ ನೆರಳು ಬೀಳುವ ಕಡೆ ಗೌರಿ ಹೂ, ಯಾಕೆಂದರೆ ಅದಕ್ಕೂ ಮಧ್ಯಾಹ್ನದ ಬಿಸಿಲು ಸೇರುವುದಿಲ್ಲ, ಎಲೆ ಜೋತು ಬೀಳುತ್ತದೆ. ಬಿಸಿಲು ಬೀಳುವ ಕಡೆ ಕೋಳಿಜುಟ್ಟು, ಚೆಂಡು ಹೂ, ಸಂಜೆ ಮಲ್ಲಿಗೆ. ತಂತಿ ಬೇಲಿಗೆ ಒಂದು ಕಡೆ ಶಂಖಪುಷ್ಪ, ಇನ್ನೊಂದು ಕಡೆ ಹೀರೆ ಬಳ್ಳಿ. ನಡುನಡುವೆ ಮೆಣಸಿನ ಗಿಡ, ಬದನೆ, ಪುಂಡಿ, ರಾಜಗಿರಿ. ಕಾಲುದಾರಿ ಅಂಚಿಗೆ ಟೇಬಲ್ ರೋಸ್. ಕಾಮಕಸ್ತೂರಿಯನ್ನು ನಾನು ಹಾಕಲೇ ಇಲ್ಲ, ಎಲ್ಲಿಂದಲೋ ಬಂತು, ಇರಲಿ ಅಂತ ಬಿಟ್ಟೆ. ಈಗ ಬೆಳಿಗ್ಗೆ ಅದರ ಮೇಲೆ ಜೇನಿನ ಸದ್ದು ಕೇಳಿಯೇ ಎದ್ದು ಹೊರಗೆ ಬರುತ್ತೇನೆ. ಚಳಿಗಾಲಕ್ಕೆ ಕೊಂಬಿರುವ ಇನ್ನೊಂದು ಹೂ ಬೇಕು ಅನ್ನುವವರು ಲಾರ್ಕ್‌ಸ್ಪರ್ ಪ್ರಯತ್ನ ಮಾಡಿ. ಅದು ಕಾಲಂಬೈನ್ ಕುಟುಂಬದ್ದೇ, ಆದರೆ ಒಂದೇ ವರ್ಷದ ಗಿಡ. ಅಕ್ಟೋಬರ್ ಕೊನೆಗೆ ಇದ್ದ ಜಾಗದಲ್ಲೇ ಬೀಜ ಹಾಕಬೇಕು. ಅದರ ಬೀಜವೂ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ.

ತಾನಾಗೇ ಏಳುವ ತೋಟದಲ್ಲಿ ಕೆಲಸ ಇರುವುದಿಲ್ಲ ಅಂದುಕೊಳ್ಳಬೇಡಿ. ಕೆಲಸ ಬೇರೆ ಥರದ್ದು. ಮುಂಗಾರಿನ ಮೊದಲ ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ನೆಲದ ತುಂಬ ಸಸಿ. ಯಾವುದು ಕಳೆ, ಯಾವುದು ಹೂ ಅಂತ ಎರಡು ಎಲೆ ಇದ್ದಾಗಲೇ ಗುರುತು ಹಿಡಿಯಬೇಕು. ಅವಸರದಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿದರೆ ಹೋಯಿತು. ಗೌರಿ ಹೂವಿನ ಸಸಿಯ ದಂಟು ಗಾಜಿನಂತೆ ತಿಳಿ, ನೀರು ತುಂಬಿರುತ್ತದೆ, ಮುಟ್ಟಿದರೇ ಗೊತ್ತಾಗುತ್ತದೆ. ಗೇಣಿಗೊಂದು ಉಳಿಸಿ ಮಿಕ್ಕದ್ದು ಕಿತ್ತು ಬೇರೆ ಕಡೆ ಹಚ್ಚಬಹುದು. ಕಾಲಂಬೈನ್‌ನಂತೆ ಮುನಿಸು ಇಲ್ಲ ಇದಕ್ಕೆ. ಬೀಜ ಬೀಳುವ ತಿಂಗಳುಗಳಲ್ಲಿ ಎಲ್ಲವನ್ನೂ ಗುಡಿಸಿ ಚೊಕ್ಕ ಮಾಡುವ ಚಟ ಬಿಡಬೇಕು. ಒಣ ಗಿಡ ಒಂದಷ್ಟು ದಿನ ನಿಂತಿರಲಿ. ದಪ್ಪಗೆ ಮುಚ್ಚಿಗೆ ಹಾಕಿದ ಕಡೆಯೂ ಸಣ್ಣ ಬೀಜ ಏಳುವುದಿಲ್ಲ, ಹಾಗಾಗಿ ಅಲ್ಲಲ್ಲಿ ಬರಿ ಮಣ್ಣು ಬಿಡಿ.

ಇಷ್ಟವಾದ ಬಣ್ಣದ ಬೀಜ ಉಳಿಸಿಕೊಳ್ಳಬೇಕಾದರೆ ಗಿಡದ ಜೊತೆ ಪಂದ್ಯ ಹೂಡಬೇಕು. ಗೌರಿ ಹೂವಿನ ಕಾಯಿ ಬಲಿತಾಗ ಹಸಿರು ತಿಳಿಯಾಗಿ ಉಬ್ಬುತ್ತದೆ. ಆಗ ಬೆರಳು ತಾಗಿದರೆ ಸಾಕು, ಪಟ್ ಅಂತ ಒಡೆದು ಸಿಪ್ಪೆ ಹುಳದಂತೆ ಸುರುಳಿ ಸುತ್ತಿಕೊಳ್ಳುತ್ತದೆ, ಬೀಜ ಮಾರು ದೂರಕ್ಕೆ ಸಿಡಿಯುತ್ತದೆ. ಕಾಯಿಗೆ ಮೊದಲೇ ತೆಳು ಬಟ್ಟೆ ಚೀಲ ಕಟ್ಟಿ, ಇಲ್ಲವೇ ಮುಷ್ಟಿಯಲ್ಲಿ ಪೂರ್ತಿ ಮುಚ್ಚಿ ಹಿಡಿದು ಒಡೆಯಿರಿ. ಕಂದು ಬಣ್ಣದ ಗುಂಡು ಬೀಜ. ನೆರಳಲ್ಲಿ ವಾರ ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ, ಬಣ್ಣ ಮತ್ತು ವರ್ಷ ಬರೆದಿಡಿ.

ಹೋದ ಅಕ್ಟೋಬರಿನಲ್ಲಿ ಪಕ್ಕದ ಮನೆ ಅಜ್ಜಿ ತಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದರು. ಆ ಹುಡುಗಿಯ ಅಂಗೈ ಮೇಲೆ ಒಂದು ಬಲಿತ ಕಾಯಿ ಇಟ್ಟು, ಮುಷ್ಟಿ ಬಿಗಿ ಹಿಡಿ ಅಂದೆ. ಒಳಗೆ ಅದು ಒಡೆದಾಗ ಕಿಟಾರನೆ ಕೂಗಿ ಕೈ ಬಿಚ್ಚಿದಳು, ಬೀಜ ಅರ್ಧ ನೆಲಕ್ಕೆ ಬಿದ್ದವು. ಹುಡುಕಿ ಆರಿಸಲು ಹೋದವಳನ್ನು ಅಜ್ಜಿ ತಡೆದರು. "ಬಿಡವ್ವಾ, ಅಲ್ಲೇ ಇರಲಿ. ಮಳಿ ಬಂದಾಗ ಏಳತಾವು."